ಮಗು ತಿರುಗುವಾಗ ನೋಡಿ

(ದಾವಣಗೆರೆಯಲ್ಲಿ ಅಂಗನವಾಡಿ ಕಾರ್ಯಕರ್ತೆಯರು, ದೈಹಿಕ ಶಿಕ್ಷಕರು ಮತ್ತು ಪೋಷಕರ ಮುಂದೆ ಮಕ್ಕಳ ಫಿಸಿಯೋಥೆರಪಿಸ್ಟ್ ಒಬ್ಬರು ಆಡಿದ ಮಾತಿನ ಬರಹ ರೂಪ)

ಮಗುವಿನ ನಡಿಗೆ ಸರಿಯಿಲ್ಲ ಅಂತ ತೋರಿಸಲು ಕರೆದುಕೊಂಡು ಹೋದರೆ ಸಾಮಾನ್ಯವಾಗಿ ನಡೆಯುವುದು ಇಷ್ಟು. "ಎಲ್ಲಿ ಪುಟ್ಟಾ, ಆ ಬಾಗಿಲ ತನಕ ನಡೆದು ತೋರಿಸು" ಅನ್ನುತ್ತಾರೆ. ಮಗು ನಡೆಯುತ್ತದೆ. ನಾಲ್ಕು ಹೆಜ್ಜೆ, ಜಾಸ್ತಿ ಅಂದರೆ ಎಂಟು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅಂತ ಅದಕ್ಕೆ ಗೊತ್ತು. ಹಾಗಾಗಿ ಮೈಯೆಲ್ಲ ಕಣ್ಣಾಗಿ, ನಿಧಾನಕ್ಕೆ, ನೆಟ್ಟಗೆ ನಡೆಯುತ್ತದೆ. ಬಾಗಿಲು ಮುಟ್ಟಿದ ಮೇಲೆ "ಸಾಕು, ಬಾ" ಅನ್ನುತ್ತಾರೆ. ಅಷ್ಟು ಹೊತ್ತಿಗೆ ನೋಡುವವರ ಕಣ್ಣು ಚೀಟಿಯ ಮೇಲೆ ಹೋಗಿರುತ್ತದೆ. ಮಗು ಹೇಗೆ ತಿರುಗಿತು ಅನ್ನುವುದನ್ನು ಯಾರೂ ನೋಡಿರುವುದಿಲ್ಲ.

ನಾನು ಇವತ್ತು ಮಾತಾಡುವುದು ಆ ತಿರುಗುವ ಗಳಿಗೆಯ ಬಗ್ಗೆ. ನಿಂತಲ್ಲಿಂದ ಹೊರಡುವುದು, ಓಡುತ್ತಿದ್ದಾಗ ಗಕ್ಕನೆ ನಿಲ್ಲುವುದು, ದಿಕ್ಕು ಬದಲಿಸುವುದು, ನೆಲದಿಂದ ಏಳುವುದು. ಇವನ್ನೆಲ್ಲ ಒಟ್ಟಿಗೆ ಚುರುಕುತನ ಅನ್ನೋಣ. ಮಿದುಳು, ನರ, ಸ್ನಾಯುವಿನ ತೊಂದರೆ ಇರುವ ಮಕ್ಕಳಲ್ಲಿ ನೇರ ನಡಿಗೆ ಎಷ್ಟೋ ಸಂಗತಿಯನ್ನು ಮುಚ್ಚಿಡುತ್ತದೆ. ಚುರುಕುತನ ಮುಚ್ಚಿಡುವುದಿಲ್ಲ. ಅಲ್ಲದೆ ಮಗುವಿನ ದಿನದಲ್ಲಿ ನೇರ ದಾರಿ ಇರುವುದಾದರೂ ಎಷ್ಟು? ಬಿಸಿಯೂಟದ ಸಾಲಿನಲ್ಲಿ ತಟ್ಟೆಗೆ ಸಾರು ಹಾಕಿಸಿಕೊಂಡು ಹಿಂದಕ್ಕೆ ತಿರುಗಬೇಕು. ಬೆಲ್ ಹೊಡೆದಾಗ ಐವತ್ತು ಮಕ್ಕಳ ನಡುವೆ ನುಸುಳಬೇಕು. ಹೊಸ್ತಿಲು ದಾಟಿದ ಕೂಡಲೇ ಬಲಕ್ಕೆ ಹೊರಳಿದರೆ ಬಚ್ಚಲು. ಬೀಳುವುದು ಇಂಥ ಕಡೆಗಳಲ್ಲೇ.

ಮೊದಲು ಸರಿಯಾದ ನಡಿಗೆ ಯಾವುದು ಅಂತ ಗೊತ್ತಿರಬೇಕು, ಅಲ್ವಾ? ಹೆಚ್ಚಿನ ಮಕ್ಕಳು ಒಂದು ವರ್ಷದ ಆಸುಪಾಸಿನಲ್ಲಿ ಹೆಜ್ಜೆ ಇಡುತ್ತವೆ. ಕೆಲವು ಎಂಟೊಂಬತ್ತು ತಿಂಗಳಿಗೇ ಇಡುತ್ತವೆ, ಕೆಲವು ಹದಿನೇಳು ತಿಂಗಳವರೆಗೆ ಕಾಯಿಸುತ್ತವೆ. 18 ತಿಂಗಳಾದರೂ ಒಂಟಿಯಾಗಿ ನಡೆಯದಿದ್ದರೆ ತೋರಿಸಲೇಬೇಕು. "ಅವರಪ್ಪನೂ ತಡವಾಗಿ ನಡೆದಿದ್ದ" ಅನ್ನುವ ಮಾತು ಪ್ರತಿ ಮನೆಯಲ್ಲೂ ಇರುತ್ತದೆ. ಇರಲಿ, ತೋರಿಸಿ. ಹೊಸದಾಗಿ ನಡೆಯುವ ಮಗು ಕಾಲು ಅಗಲಿಸಿ, ಕೈ ಮೇಲೆತ್ತಿ ನಡೆಯುತ್ತದೆ. ಎರಡು ವರ್ಷದ ಹೊತ್ತಿಗೆ ಹಿಮ್ಮಡಿ ಮೊದಲು ನೆಲಕ್ಕೆ ತಾಗುತ್ತದೆ, ಕೈ ಕೆಳಗಿಳಿದು ಬೀಸತೊಡಗುತ್ತದೆ. ಒಂಟಿ ಕಾಲಲ್ಲಿ ಕುಪ್ಪಳಿಸುವುದು ಸುಮಾರು ನಾಲ್ಕು ವರ್ಷಕ್ಕೆ. ದೊಡ್ಡವರ ನಡಿಗೆಯ ಹದ ಬರುವುದು ಏಳರ ಹೊತ್ತಿಗೆ. ಹಾಗಾಗಿ ನಾಲ್ಕು ವರ್ಷದವನನ್ನು ಏಳು ವರ್ಷದ ಅಣ್ಣನ ಪಕ್ಕ ನಿಲ್ಲಿಸಿ ಹೋಲಿಸಬೇಡಿ.

ಅಂಗನವಾಡಿಯ ಅಕ್ಕಂದಿರಿಗೆ ಇನ್ನೊಂದು ಮಾತು. ಒಂದು ವರ್ಷ ತುಂಬುವ ಮೊದಲೇ ಮಗು ಎಲ್ಲದಕ್ಕೂ ಒಂದೇ ಕೈ ಚಾಚುತ್ತಿದ್ದರೆ ಎಡಚ ಇರಬಹುದು ಅಂತ ಸುಮ್ಮನಾಗಬೇಡಿ. ಆ ವಯಸ್ಸಿನಲ್ಲಿ ಎರಡೂ ಕೈ ಒಂದೇ ಸಮ ಇರಬೇಕು. ಇನ್ನೊಂದು ಕೈ ಯಾಕೆ ಹಿಂದೆ ಬಿದ್ದಿದೆ ಅಂತ ನೋಡಬೇಕು. ಆ ಕಡೆಯ ಕಾಲಿನ ಕಥೆ ನಡೆಯಲು ಶುರು ಮಾಡಿದ ಮೇಲೆ ಹೊರಗೆ ಬರುತ್ತದೆ.

ನಮ್ಮ ಹತ್ತಿರ ಬರುವ ಮಕ್ಕಳಲ್ಲಿ ಜಾಸ್ತಿ ಇರುವುದು ಸೆರೆಬ್ರಲ್ ಪಾಲ್ಸಿ. ಬೆಳೆಯುವ ಮಿದುಳಿಗೆ ಒಮ್ಮೆ ಆದ ಪೆಟ್ಟು ಅದು. ಗರ್ಭದಲ್ಲಿ ಆಗಿರಬಹುದು, ದಿನ ತುಂಬುವ ಮೊದಲೇ ಹುಟ್ಟಿದ್ದರಿಂದ ಆಗಿರಬಹುದು, ಹೆರಿಗೆ ಹೊತ್ತಿನಲ್ಲಿ ಉಸಿರು ಕಟ್ಟಿ ಆಗಿರಬಹುದು, ಹುಟ್ಟಿದ ಮೇಲೆ ಕಾಮಾಲೆ ತಲೆಗೇರಿ ಆಗಿರಬಹುದು. ಪೆಟ್ಟು ಆಮೇಲೆ ಬೆಳೆಯುವುದಿಲ್ಲ. ಆದರೆ ಮಗು ಬೆಳೆಯುತ್ತದೆ, ಮೂಳೆ ಉದ್ದವಾಗುತ್ತದೆ, ಬಿಗಿಯಾದ ಸ್ನಾಯು ಅದರ ಜೊತೆ ಅಷ್ಟೇ ವೇಗದಲ್ಲಿ ಬೆಳೆಯುವುದಿಲ್ಲ. ಹಾಗಾಗಿ ನಡಿಗೆ ವರ್ಷ ವರ್ಷಕ್ಕೆ ಬದಲಾಗುತ್ತದೆ. ಒಮ್ಮೆ ಅಳೆದು ಫೈಲಿಗೆ ಹಾಕಿದರೆ ಮುಗಿಯಿತು ಅನ್ನುವ ಹಾಗಿಲ್ಲ.

ಈ ಬಿಗಿತದಲ್ಲಿ ಒಂದು ಗುಣವಿದೆ. ಅದು ವೇಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಕಾರಿನ ಸೀಟ್ ಬೆಲ್ಟ್ ನಿಧಾನಕ್ಕೆ ಎಳೆದರೆ ಬರುತ್ತದೆ, ರಪ್ಪನೆ ಎಳೆದರೆ ಹಿಡಿದುಕೊಳ್ಳುತ್ತದೆ, ಹಾಗೆ. ಮಗುವಿನ ಪಾದವನ್ನು ನಿಧಾನಕ್ಕೆ ಮೇಲಕ್ಕೆ ಮಡಿಸಿದರೆ ಪೂರ್ತಿ ಬರುತ್ತದೆ. ಅದೇ ಪಾದವನ್ನು ಬೇಗ ಮಡಿಸಿ, ಅರ್ಧದಲ್ಲೇ ಕಚ್ಚಿಕೊಳ್ಳುತ್ತದೆ. ಟಾರ್ಡ್ಯೂ ಅಂತ ಒಂದು ಪರೀಕ್ಷೆ ಇದೆ, ಅದರ ತಿರುಳೇ ಇದು. ಬೇಗ ಮಾಡಿದಾಗ ಎಲ್ಲಿ ಕಚ್ಚಿತು, ನಿಧಾನಕ್ಕೆ ಮಾಡಿದಾಗ ಎಲ್ಲಿವರೆಗೆ ಬಂತು, ಎರಡನ್ನೂ ಬರೆದುಕೊಳ್ಳುತ್ತೇವೆ. ಎರಡರ ನಡುವೆ ಅಂತರ ಜಾಸ್ತಿ ಇದ್ದರೆ ತೊಂದರೆ ನರದ ಬಿಗಿತದ್ದು, ಸ್ನಾಯು ಸಡಿಲಿಸುವ ಬೊಟುಲಿನಮ್ ಇಂಜೆಕ್ಷನ್‌ನಂಥದ್ದಕ್ಕೆ ಜಾಗವಿದೆ. ಅಂತರ ಇಲ್ಲದಿದ್ದರೆ ಸ್ನಾಯುವೇ ಗಿಡ್ಡವಾಗಿದೆ, ದಾರಿ ಬೇರೆ.

ಈಗ ಯೋಚನೆ ಮಾಡಿ. ನಿಧಾನಕ್ಕೆ ನಡೆಸಿ ನೋಡಿದರೆ ವೇಗಕ್ಕೆ ಹೆಚ್ಚುವ ತೊಂದರೆ ಕಾಣುವುದಾದರೂ ಹೇಗೆ?

ಒಂದು ಪಕ್ಕ ಮಾತ್ರ ಸೋತಿರುವ ಮಕ್ಕಳಲ್ಲಿ, ಅಂದರೆ ಹೆಮಿಪ್ಲೀಜಿಯಾ ಇರುವವರಲ್ಲಿ, ಇದು ಎಷ್ಟು ಚೆನ್ನಾಗಿ ಕಾಣುತ್ತದೆ ಅಂದರೆ ನೀವೇ ಗುರುತಿಸಬಹುದು. ತೊಂದರೆ ಹಗುರವಾಗಿದ್ದರೆ ನಡೆಯುವಾಗ ಏನೂ ಗೊತ್ತಾಗುವುದಿಲ್ಲ. ಓಡಿಸಿ. ಮೂರನೇ ನಾಲ್ಕನೇ ಹೆಜ್ಜೆಗೆ ಒಂದು ಮೊಣಕೈ ಮಡಿಸಿಕೊಳ್ಳುತ್ತದೆ, ಮುಷ್ಟಿ ಬಿಗಿಯುತ್ತದೆ, ಕೈ ಎದೆಗೆ ಹತ್ತಿರ ಬರುತ್ತದೆ. ಇನ್ನೊಂದು ಕೈ ಆರಾಮಾಗಿ ಬೀಸುತ್ತಿರುತ್ತದೆ. ಓಡಲು ಜಾಗವಿಲ್ಲದ ಕೋಣೆಯಾದರೆ ಪಾದದ ಹೊರ ಅಂಚಿನ ಮೇಲೆ ನಡೆಯಲು ಹೇಳಿ. ಇದಕ್ಕೆ ಫಾಗ್ ಪರೀಕ್ಷೆ ಅನ್ನುತ್ತಾರೆ. ಚಿಕ್ಕ ಮಕ್ಕಳಲ್ಲಿ ಪಾದದ ಜೊತೆ ಎರಡೂ ಕೈ ಒಂದಿಷ್ಟು ತಿರುಚಿಕೊಳ್ಳುತ್ತವೆ, ವಯಸ್ಸಾದಂತೆ ಅದು ಕಡಿಮೆಯಾಗುತ್ತದೆ. ಒಂದೇ ಕೈ ಎದ್ದು ಕಾಣುವಷ್ಟು ತಿರುಚಿದರೆ ಗಮನ ಕೊಡಿ.

ಇಂಥ ಮಗುವಿಗೆ ತಿರುಗುವುದರಲ್ಲೂ ಇಷ್ಟದ ಕಡೆ ಒಂದಿರುತ್ತದೆ. ಯಾವಾಗ ನೋಡಿದರೂ ಅದೇ ಕಡೆಗೆ ಹೊರಳುತ್ತದೆ. ನೀವು ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಇನ್ನೊಂದು ಕಡೆಗೇ ತಿರುಗಬೇಕಾದ ಹಾಗೆ ಮಾಡಿ ನೋಡಿ. ಒಂದು ಗಳಿಗೆ ನಿಲ್ಲುತ್ತದೆ. ಆಮೇಲೆ ಪುಟ್ಟ ಪುಟ್ಟ ಹೆಜ್ಜೆಗಳಲ್ಲಿ ತಿರುಗುತ್ತದೆ. ಕೆಲವು ಜಾಣ ಮಕ್ಕಳು ಬೇಡದ ಕಡೆಗೆ ತಿರುಗುವ ಬದಲು ಇಷ್ಟದ ಕಡೆಯಿಂದಲೇ ಮುಕ್ಕಾಲು ಸುತ್ತು ಹೊಡೆದು ಬರುತ್ತವೆ! ನೋಡುವವರಿಗೆ ಆಟ ಅನ್ನಿಸುತ್ತದೆ. ಅದು ಆಟ ಅಲ್ಲ, ಲೆಕ್ಕಾಚಾರ.

ಎರಡೂ ಕಾಲು ಬಿಗಿ ಇರುವ ಮಗು ತಿರುಗುವಾಗ ಮಂಡಿಗೆ ಮಂಡಿ ತಾಗುತ್ತದೆ. ಪಾದ ಎತ್ತಿ ತಿರುಗಿಸುವ ಬದಲು ಮೈಯನ್ನು ಒಟ್ಟಿಗೆ ಹೊರಳಿಸುತ್ತದೆ. ಸಮತೋಲ ನೋಡಿಕೊಳ್ಳುವ ಕಿರುಮಿದುಳಿನ ತೊಂದರೆ ಇರುವ ಮಗು ನೇರ ನಡೆಯುವಾಗ ಕಾಲು ಅಗಲಿಸಿ ಹೇಗೋ ಸರಿದೂಗಿಸಿಕೊಳ್ಳುತ್ತದೆ. ತಿರುಗುವಾಗ ಗೋಡೆ ಹುಡುಕುತ್ತದೆ, ನಿಲ್ಲು ಅಂದರೆ ಗೆರೆ ದಾಟಿ ಎರಡು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತದೆ. ಕಾಲಿನ ನರವೇ ಸವೆಯುವ ಕಾಯಿಲೆಗಳಲ್ಲಿ ಪಾದ ಜೋತುಬೀಳುತ್ತದೆ, ಮಗು ಮಂಡಿ ಎತ್ತೆತ್ತಿ ಇಡುತ್ತದೆ, ಹಿಮ್ಮಡಿ ಮೇಲೆ ನಡೆ ಅಂದರೆ ಆಗುವುದೇ ಇಲ್ಲ.

ಇನ್ನು ಅಳತೆಗೆ ಬರೋಣ. ದೈಹಿಕ ಶಿಕ್ಷಕರು ಇಲ್ಲಿ ಸ್ವಲ್ಪ ಕಿವಿ ಕೊಡಿ, ಯಾಕೆಂದರೆ ನಿಮ್ಮ ಹತ್ತಿರ ನಮಗಿಂತ ದೊಡ್ಡ ಜಾಗವಿದೆ. ಬೇಕಾಗುವುದು ಒಂದು ಟೇಪು, ಸೀಮೆಸುಣ್ಣ, ಮೊಬೈಲಿನ ಸ್ಟಾಪ್‌ವಾಚ್.

ನಡಿಗೆಯ ವೇಗಕ್ಕೆ 10 ಮೀಟರ್ ಪರೀಕ್ಷೆ ಇದೆ. ಶಾಲೆಯ ಪಡಸಾಲೆಯಲ್ಲಿ 14 ಮೀಟರ್ ಅಳೆದುಕೊಳ್ಳಿ. ಮೊದಲ ಎರಡು, ಕೊನೆಯ ಎರಡು ಮೀಟರ್ ಬಿಟ್ಟು ನಡುವಿನ ಹತ್ತಕ್ಕೆ ಮಾತ್ರ ಸಮಯ ಹಿಡಿಯಿರಿ. ಹೊರಡುವಾಗ, ನಿಲ್ಲುವಾಗ ವೇಗ ಕಡಿಮೆ ಇರುತ್ತದಲ್ಲ, ಅದು ಲೆಕ್ಕಕ್ಕೆ ಬರಬಾರದು. ಒಮ್ಮೆ ಮಾಮೂಲಿ ನಡಿಗೆ, ಒಮ್ಮೆ ಆದಷ್ಟು ಬೇಗ. ನನಗೆ ಒಂದೊಂದು ಸಂಖ್ಯೆಗಿಂತ ಇವೆರಡರ ಅಂತರ ಮುಖ್ಯ. ಬೇಗ ನಡೆ ಅಂದರೂ ಅಷ್ಟೇ ಸಮಯ ಬಂದರೆ ಆ ಮಗುವಿನ ಹತ್ತಿರ ಮೀಸಲು ಶಕ್ತಿಯೇ ಇಲ್ಲ. ಅದು ದಿನವಿಡೀ ತನ್ನ ಪೂರ್ತಿ ಶಕ್ತಿ ಹಾಕಿಯೇ ನಡೆಯುತ್ತಿದೆ. ಸಂಜೆ ಮನೆಗೆ ಬಂದು ಪುಸ್ತಕ ಮುಟ್ಟುವುದಿಲ್ಲ ಅಂತ ಬೈಯುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ.

ಆರು ನಿಮಿಷ ನಡೆಸುವ ಪರೀಕ್ಷೆ ದಮ್ಮಿನದು. 30 ಮೀಟರ್ ದಾರಿಯಲ್ಲಿ ಹೋಗಿ ಬಂದು ಮಾಡಿಸಿ ಎಷ್ಟು ದೂರ ಆಯಿತು ಅಂತ ಅಳೆಯುತ್ತೇವೆ. ಮಗು ನಡುವೆ ನಿಂತು ಸುಧಾರಿಸಿಕೊಳ್ಳಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಜೊತೆಯಲ್ಲಿ ನೀವು ನಡೆಯಬೇಡಿ. ಮಗು ನಿಮ್ಮ ಹೆಜ್ಜೆಗೆ ಹೆಜ್ಜೆ ಹಾಕುತ್ತದೆ, ಆಗ ಅಳೆದಿದ್ದು ನಿಮ್ಮ ವೇಗವಾಗುತ್ತದೆ.

ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರುವ ಪರೀಕ್ಷೆಯನ್ನು 1991ರಲ್ಲಿ ವಯಸ್ಸಾದವರಿಗೆಂದು ಮಾಡಿದ್ದರು. ಆಮೇಲೆ ಮಕ್ಕಳಿಗೆ ಒಗ್ಗಿಸಿದರು. ಸಣ್ಣ ಮಕ್ಕಳಿಗೆ "ಮೂರು ಮೀಟರ್ ಹೋಗಿ ತಿರುಗು" ಅಂದರೆ ಏನು ಅರ್ಥವಾಗುತ್ತದೆ? ಹಾಗಾಗಿ ಗೋಡೆಗೆ ಒಂದು ಚಿತ್ರ ಅಂಟಿಸಿ, ಅದನ್ನು ಮುಟ್ಟಿ ಬಾ ಅನ್ನುತ್ತೇವೆ. ಕುರ್ಚಿ ಮಗುವಿನ ಅಳತೆಯದ್ದಿರಬೇಕು, ಕೂತಾಗ ಪಾದ ಪೂರ್ತಿ ನೆಲಕ್ಕೆ ಊರಬೇಕು. ದೊಡ್ಡವರ ಕುರ್ಚಿಯಿಂದ ಜಾರಿ ಇಳಿಯುವುದರಲ್ಲೇ ಎರಡು ಸೆಕೆಂಡ್ ಹೋದರೆ ಆ ಸಂಖ್ಯೆಗೆ ಬೆಲೆಯಿಲ್ಲ.

ನನಗೆ ತುಂಬಾ ಇಷ್ಟವಾದ ಪರೀಕ್ಷೆ ಮಾತ್ರ ಹತ್ತು ಸಲ ಐದು ಮೀಟರ್ ಓಡುವುದು. ಐದು ಮೀಟರ್ ಅಂತರದಲ್ಲಿ ಎರಡು ಗೆರೆ ಎಳೆಯಿರಿ. ಮಗು ಒಂದರಿಂದ ಇನ್ನೊಂದಕ್ಕೆ ಓಡಿ, ಗೆರೆ ದಾಟಿ ಕಾಲಿಟ್ಟು, ತಿರುಗಿ ಓಡಿ ಬರಬೇಕು. ನಿಲ್ಲದೆ ಹತ್ತು ಸಲ. ಒಟ್ಟು ಓಡುವುದು ಬರೀ 50 ಮೀಟರ್, ಆದರೆ ಒಂಬತ್ತು ಸಲ ತಿರುಗಬೇಕು. ನೆದರ್‌ಲೆಂಡ್ಸ್‌ನ ಫಿಸಿಯೋಗಳು ಸೆರೆಬ್ರಲ್ ಪಾಲ್ಸಿ ಇದ್ದೂ ಒಂಟಿಯಾಗಿ ನಡೆಯಬಲ್ಲ ಮಕ್ಕಳಲ್ಲಿ ಇದನ್ನು ಬಳಸಿ ನೋಡಿ, ಮತ್ತೆ ಮತ್ತೆ ಅಳೆದರೂ ಫಲಿತಾಂಶ ನಂಬಬಹುದು ಅಂತ 2007ರಲ್ಲಿ ಪ್ರಕಟಿಸಿದರು. ನೋಡುವುದಕ್ಕೆ ನಮ್ಮ ಖೋಖೋ ತಯಾರಿಯ ಥರವೇ ಇದೆ, ಅಲ್ವಾ? ಇದನ್ನು ಮಾಡಿಸುವಾಗ ಬರೀ ಸಮಯ ಬರೆಯಬೇಡಿ. ಯಾವ ಕಾಲು ಊರಿ ತಿರುಗಿದ, ಎಷ್ಟನೇ ಸುತ್ತಿಗೆ ನಿಧಾನವಾದ, ಎಲ್ಲಿ ಕೈ ನೆಲಕ್ಕೆ ಊರಿದ, ಎಲ್ಲ ಬರೆಯಿರಿ. ಮೊದಲ ಸಲ ಅಭ್ಯಾಸಕ್ಕೆ ಬಿಡಿ. ಆಮೇಲೆ ಚೆನ್ನಾಗಿ ಸುಧಾರಿಸಿಕೊಳ್ಳಲು ಬಿಟ್ಟು ಅಳೆಯಿರಿ. ನೆಲ ಸಿಮೆಂಟಿನದಾದರೆ ಮಂಡಿ ತರಚುತ್ತದೆ, ಮಣ್ಣಿನ ಅಂಗಳವೇ ವಾಸಿ. ಆದರೆ ಮುಂದಿನ ಸಲವೂ ಅದೇ ಅಂಗಳದಲ್ಲಿ ಮಾಡಿಸಿ.

ಇಂಥ ಪರೀಕ್ಷೆ ಯಾಕೆ ಬೇಕು ಅಂದರೆ, ತೊಂದರೆ ಇದ್ದೂ ಚೆನ್ನಾಗಿ ನಡೆಯಬಲ್ಲ ಮಕ್ಕಳಿಗೆ ಮಾಮೂಲಿ ಅಳತೆಗೋಲು ಸಾಲುವುದಿಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಮಗು ಎಷ್ಟರ ಮಟ್ಟಿಗೆ ಓಡಾಡಬಲ್ಲದು ಅಂತ ಹೇಳಲು ಕೆನಡಾದಲ್ಲಿ 1997ರಲ್ಲಿ ಮಾಡಿದ ಜಿಎಂಎಫ್‌ಸಿಎಸ್ ಅನ್ನುವ ಐದು ಮಟ್ಟಗಳ ವಿಂಗಡಣೆ ಇದೆ. ನಿಮ್ಮ ಮಕ್ಕಳ ಫೈಲಿನಲ್ಲಿ ಒಂದರಿಂದ ಐದರವರೆಗಿನ ಒಂದು ಸಂಖ್ಯೆ ಇದ್ದರೆ ಅದೇ ಇದು. ಒಂದನೇ ಮಟ್ಟದ ಮಗು ಎಲ್ಲ ಕಡೆ ನಡೆಯುತ್ತದೆ, ಕಂಬಿ ಹಿಡಿಯದೆ ಮೆಟ್ಟಿಲು ಹತ್ತುತ್ತದೆ, ಓಡುತ್ತದೆ, ನೆಗೆಯುತ್ತದೆ. ಐದನೇ ಮಟ್ಟದ ಮಗುವನ್ನು ಗಾಲಿಕುರ್ಚಿಯಲ್ಲಿ ಯಾರಾದರೂ ಕರೆದೊಯ್ಯಬೇಕು. ಒಂದನೇ ಮಟ್ಟದ ವಿವರಣೆಯ ಕೊನೆಗೆ ಒಂದು ಸಾಲಿದೆ: ವೇಗ, ಸಮತೋಲ ಮತ್ತು ಹೊಂದಾಣಿಕೆಯಲ್ಲಿ ಮಿತಿ ಇರುತ್ತದೆ ಅಂತ. ಆ ಸಾಲನ್ನು ಯಾರೂ ಓದುವುದಿಲ್ಲ. "ಒಂದನೇ ಮಟ್ಟ, ಏನೂ ತೊಂದರೆ ಇಲ್ಲ" ಅಂತ ಕಳಿಸಿಬಿಡುತ್ತಾರೆ. ಆ ಮಗು ಆಟದ ಪಿರಿಯಡ್‌ನಲ್ಲಿ ಕಟ್ಟೆ ಮೇಲೆ ಕೂತು ಎಲ್ಲರ ಚಪ್ಪಲಿ ಕಾಯುತ್ತಿರುತ್ತದೆ.

ಅಳತೆಯ ಇನ್ನೊಂದು ಮುಖ, ಕೇಳಿ ತಿಳಿಯುವುದು. ಮೆಲ್ಬರ್ನ್‌ನಲ್ಲಿ 2004ರಲ್ಲಿ ಎಫ್‌ಎಂಎಸ್ ಅಂತ ಒಂದು ಮಾಪಕ ಮಾಡಿದರು. ಮಗು 5 ಮೀಟರ್, 50 ಮೀಟರ್, 500 ಮೀಟರ್ ಹೇಗೆ ಹೋಗುತ್ತದೆ ಅಂತ ಕೇಳುವುದು. ಐದು ಅಂದರೆ ಮನೆಯೊಳಗೆ, ಐವತ್ತು ಅಂದರೆ ಶಾಲೆಯಲ್ಲಿ, ಐನೂರು ಅಂದರೆ ಪೇಟೆ ಬೀದಿಯಲ್ಲಿ. ಗಾಲಿಕುರ್ಚಿಗೆ ಒಂದು ಅಂಕ, ವಾಕರ್‌ಗೆ ಎರಡು, ಕಂಕುಳ ಕೋಲಿಗೆ ಮೂರು, ಕೈಕೋಲಿಗೆ ನಾಲ್ಕು. ಏನೂ ಹಿಡಿಯದೆ ಸಮನಾದ ನೆಲದಲ್ಲಿ ಮಾತ್ರ ನಡೆದರೆ ಐದು, ಎಂಥ ನೆಲದಲ್ಲೂ ನಡೆದರೆ ಆರು.

ಐದಕ್ಕೂ ಆರಕ್ಕೂ ಇರುವ ವ್ಯತ್ಯಾಸವನ್ನು ಆಸ್ಪತ್ರೆಯ ಟೈಲ್ಸ್ ಮೇಲೆ ತಿಳಿಯಲು ಬರುವುದಿಲ್ಲ. ಅದಕ್ಕೆ ಊರು ಗೊತ್ತಿರಬೇಕು. ಮಲೇಬೆನ್ನೂರು ಕಡೆಯಿಂದ ಬಂದವರನ್ನು ನಾನು "ಗದ್ದೆ ಬದುವಿನ ಮೇಲೆ ಹೋಗ್ತಾನಾ?" ಅಂತ ಕೇಳುತ್ತೇನೆ. ಒಂದಡಿ ಅಗಲದ ಬದು, ಎರಡೂ ಕಡೆ ಭದ್ರಾ ನೀರು. ಜಗಳೂರು ಕಡೆಯವರಾದರೆ ಬೆಣಚುಕಲ್ಲಿನ ಹೊಲ, ಚಳ್ಳಕೆರೆ ಕಡೆಯವರಾದರೆ ಶೇಂಗಾ ಕಿತ್ತ ಮೇಲಿನ ಉಬ್ಬುತಗ್ಗಿನ ನೆಲ. ಒಮ್ಮೆ ಒಬ್ಬ ತಾಯಿ, "ಹೋಗ್ತಾನ್ರಿ ಮೇಡಂ, ಆದ್ರ ನನ್ನ ಸೆರಗು ಹಿಡ್ಕಂಡು" ಅಂದರು. ಸೆರಗು ಹಿಡಿದರೆ ಅದು ಆರು ಅಲ್ಲ. ಆ ಮಾತು ನನಗೆ ಯಾವ ಯಂತ್ರದಿಂದಲೂ ಸಿಗುತ್ತಿರಲಿಲ್ಲ. ಚಿತ್ರದುರ್ಗದವರಿಗಂತೂ ಪರೀಕ್ಷೆ ಊರಲ್ಲೇ ಇದೆ, ಕೋಟೆ. ಅಲ್ಲಿ ಒಂದು ಮೆಟ್ಟಿಲಿನಷ್ಟು ಇನ್ನೊಂದು ಇಲ್ಲ. ಹತ್ತಿದ್ದನ್ನು ಹೇಳಿ ಖುಷಿಪಡುತ್ತಾರೆ, ನಾನು ಇಳಿದಿದ್ದು ಹೇಗೆ ಅಂತ ಕೇಳುತ್ತೇನೆ. ಇಳಿಯುವಾಗ ತೊಡೆಯ ಸ್ನಾಯು ಭಾರ ಹಿಡಿದುಕೊಂಡೇ ಸಡಿಲಬೇಕು. ಕಷ್ಟ ಇರುವುದು ಅಲ್ಲಿ.

ಕೇಳುವಾಗ ಒಂದು ಎಚ್ಚರ ಇರಲಿ. "ಮಾಡಬಲ್ಲನಾ" ಅಂತ ಕೇಳಿದರೆ ಎಲ್ಲ ತಾಯಂದಿರೂ ಹೌದು ಅನ್ನುತ್ತಾರೆ. "ನಿನ್ನೆ ಏನು ಮಾಡಿದ" ಅಂತ ಕೇಳಿ. ಪರೀಕ್ಷೆಯಲ್ಲಿ ಒಂಟಿಯಾಗಿ ನಡೆದ ಮಗುವನ್ನು ದಿನಾ ಶಾಲೆಗೆ ಅಪ್ಪ ಬೈಕಿನಲ್ಲಿ ಬಿಟ್ಟು, ಕ್ಲಾಸಿನ ತನಕ ಎತ್ತಿಕೊಂಡು ಹೋಗುತ್ತಿರಬಹುದು. ಬೆಳಿಗ್ಗೆ ಹೊತ್ತಾಗುತ್ತದೆ, ಏನು ಮಾಡುವುದು? ಅದರಲ್ಲಿ ತಪ್ಪು ಹುಡುಕುತ್ತಿಲ್ಲ. ಆದರೆ ಎರಡೂ ಫೈಲಿನಲ್ಲಿ ಇರಬೇಕು.

ಸಮಯದ ಬಗ್ಗೆಯೂ ಹೇಳಬೇಕು. ನಮ್ಮಲ್ಲಿ ಓಪಿ ಅಂದರೆ ಬೆಳಿಗ್ಗೆ. ಎಲ್ಲ ಮಕ್ಕಳ ನಡಿಗೆಯನ್ನೂ ಹನ್ನೊಂದು ಗಂಟೆಗೆ ನೋಡುತ್ತೇವೆ. ಒಂದು ಅಪರೂಪದ ಕಾಯಿಲೆ ಇದೆ. ಜಪಾನಿನ ಸೆಗಾವಾ ಅನ್ನುವ ವೈದ್ಯರು 1970ರ ದಶಕದಲ್ಲಿ ವಿವರಿಸಿದ್ದು. ಅದರಲ್ಲಿ ಮಗು ಬೆಳಿಗ್ಗೆ ಎದ್ದಾಗ ಹೆಚ್ಚುಕಡಿಮೆ ಸರಿಯಾಗಿಯೇ ನಡೆಯುತ್ತದೆ. ಹೊತ್ತು ಇಳಿದಂತೆ ಪಾದ ಒಳಕ್ಕೆ ತಿರುಚಿಕೊಳ್ಳುತ್ತದೆ, ಸಂಜೆಗೆ ನಡೆಯಲು ಆಗುವುದಿಲ್ಲ. ಮಲಗಿ ಎದ್ದರೆ ಮತ್ತೆ ಸರಿ. ಹೆಣ್ಣುಮಕ್ಕಳಲ್ಲಿ ಜಾಸ್ತಿ. ಮಿದುಳಿನಲ್ಲಿ ಡೋಪಮಿನ್ ತಯಾರಾಗುವುದು ಕಡಿಮೆಯಾಗಿ ಹೀಗಾಗುತ್ತದೆ. ಲೆವೊಡೋಪಾ ಅನ್ನುವ ಮಾತ್ರೆ ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಮಗು ನಡೆದಾಡುತ್ತದೆ. ನಡಿಗೆಯ ತೊಂದರೆಗಳಲ್ಲಿ ಮಾತ್ರೆಗೆ ಇಷ್ಟು ಚೆನ್ನಾಗಿ ಮಣಿಯುವುದು ತೀರಾ ಕಡಿಮೆ. ಬೆಳಿಗ್ಗೆ ಮಾತ್ರ ನೋಡಿದರೆ "ಮಗು ನಾಟಕ ಮಾಡುತ್ತದೆ" ಅನ್ನುವ ತೀರ್ಮಾನಕ್ಕೆ ಬರುತ್ತೇವೆ. ಇಲ್ಲವೇ ಸೆರೆಬ್ರಲ್ ಪಾಲ್ಸಿ ಅಂತ ಬರೆದು ವರ್ಷಗಟ್ಟಲೆ ವ್ಯಾಯಾಮ ಮಾಡಿಸುತ್ತೇವೆ. ಹಾಗಾಗಿ ಅಳೆದ ದಿನದ ಜೊತೆ ಗಂಟೆಯನ್ನೂ ಬರೆಯಿರಿ. ಸಂಜೆ ನಡಿಗೆ ಬೇರೆ ಇದೆ ಅನ್ನಿಸಿದರೆ ಮನೆಯಲ್ಲೇ ವಿಡಿಯೋ ಮಾಡಿ ತನ್ನಿ.

ಇದುವರೆಗೆ ಓಡಿಸಿ ಓಡಿಸಿ ಅಂದೆ. ಓಡಿಸಬಾರದ ಮಕ್ಕಳೂ ಇದ್ದಾರೆ. ನಾಲ್ಕೈದು ವರ್ಷದ ಗಂಡು ಮಗು, ಮೀನಖಂಡ ದಪ್ಪ, ನೋಡಿದರೆ ಪೈಲ್ವಾನ್ ಥರ. ಆದರೆ ಮೆಟ್ಟಿಲು ಹತ್ತುವಾಗ ಸೋಲುತ್ತದೆ, ಪದೇ ಪದೇ ಬೀಳುತ್ತದೆ. ನೆಲದ ಮೇಲೆ ಕೂರಿಸಿ, ಏನನ್ನೂ ಹಿಡಿಯದೆ ಏಳಲು ಹೇಳಿ. ಮೊದಲು ಬೋರಲಾಗಿ ನಾಲ್ಕು ಕಾಲಿನ ಮೇಲೆ ಬರುತ್ತದೆ. ಕುಂಡೆ ಎತ್ತುತ್ತದೆ. ಆಮೇಲೆ ಒಂದು ಕೈ ಮಂಡಿ ಮೇಲೆ, ಇನ್ನೊಂದು ಕೈ ತೊಡೆ ಮೇಲೆ, ತನ್ನ ಕಾಲನ್ನೇ ಹತ್ತಿಕೊಂಡು ಮೇಲೆ ಬರುತ್ತದೆ. ಲಂಡನ್ನಿನ ಗವರ್ಸ್ ಅನ್ನುವ ನರವೈದ್ಯರು 1879ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಡುಷೇನ್ ಮಸ್ಕ್ಯುಲರ್ ಡಿಸ್ಟ್ರೋಫಿಯ ಮುಖ್ಯ ಗುರುತು ಇದು. ಸ್ನಾಯುವಿನ ಕಾಯಿಲೆ, ಮುಖ್ಯವಾಗಿ ಗಂಡುಮಕ್ಕಳಿಗೆ ಬರುತ್ತದೆ, ವರ್ಷ ಕಳೆದಂತೆ ಹೆಚ್ಚುತ್ತದೆ. ಸಿಪಿಕೆ ಅನ್ನುವ ರಕ್ತ ಪರೀಕ್ಷೆಯಲ್ಲೇ ಸುಳಿವು ಸಿಗುತ್ತದೆ.

ಈ ಮಕ್ಕಳ ಸ್ನಾಯುವಿನ ಎಳೆಗಳು ಜೋರು ಕೆಲಸಕ್ಕೆ ಹರಿಯುತ್ತವೆ. ಹಾಗಾಗಿ ಹತ್ತು ಸಲ ತಿರುಗಿ ಓಡುವ ಪರೀಕ್ಷೆ, ಬಸ್ಕಿ, ಕಪ್ಪೆ ಜಿಗಿತ ಬೇಡವೇ ಬೇಡ. "ಸೋಮಾರಿ, ಇನ್ನೆರಡು ಸುತ್ತು ಹೊಡಿ" ಅಂತ ಯಾವ ಮೇಷ್ಟ್ರೂ ಇವರಿಗೆ ಹೇಳಬಾರದು. ಇವರಿಗೆ ನಾರ್ತ್ ಸ್ಟಾರ್ ಅನ್ನುವ ಬೇರೆ ಅಳತೆ ಇದೆ. 17 ಕೆಲಸ, ಒಂದೊಂದಕ್ಕೆ ಸೊನ್ನೆ, ಒಂದು, ಎರಡು ಅಂಕ, ಪೂರ್ತಿ ಬಂದರೆ 34. ನೆಲದಿಂದ ಏಳಲು, 10 ಮೀಟರ್ ಹೋಗಲು ಎಷ್ಟು ಸೆಕೆಂಡ್ ಅಂತಲೂ ಬರೆದುಕೊಳ್ಳುತ್ತೇವೆ. ಅದನ್ನು ತರಬೇತಿ ಇರುವವರೇ ಮಾಡಲಿ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ನಮ್ಮ ಹಿರಿಯರಿಗೆ ಕಾಲೆಳೆಯುವ ಮಗು ಕಂಡರೆ ಈಗಲೂ ಪೋಲಿಯೋ ಅಂತಲೇ ಅನ್ನಿಸುತ್ತದೆ. ಅವರು ಕಂಡಿದ್ದು ಅದನ್ನೇ. ಭಾರತದಲ್ಲಿ ಸಹಜ ಪೋಲಿಯೋ ವೈರಸ್‌ನ ಕೊನೆಯ ಪ್ರಕರಣ ಕಂಡಿದ್ದು 2011ರ ಜನವರಿಯಲ್ಲಿ. 2014ರಲ್ಲಿ ಪೋಲಿಯೋ ಮುಕ್ತ ಅಂತ ಪ್ರಮಾಣಪತ್ರವೂ ಸಿಕ್ಕಿತು. ಈಗ ಹತ್ತು ವರ್ಷದೊಳಗಿನ ಮಗು ಕಾಲೆಳೆದರೆ ಕಾರಣ ಹೆಚ್ಚುಕಡಿಮೆ ಯಾವಾಗಲೂ ಬೇರೆಯೇ ಇರುತ್ತದೆ. ಕಾರಣ ಯಾರೂ ಬಿಡಿಸಿ ಹೇಳದಿದ್ದಾಗ ಜನ ಏನನ್ನಾದರೂ ನಂಬುತ್ತಾರೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತಿದ್ದು ಟಿವಿಯಲ್ಲಿ ಬಂತು. ಎಲ್ಲರೂ ಆ ತಂದೆ ತಾಯಿಯನ್ನು ಬೈದರು. ಮಾಡಿದ್ದು ತಪ್ಪೇ. ಆದರೆ ಅವರಿಗೆ ಅದಕ್ಕೂ ಮೊದಲು ಎಷ್ಟು ಜನ ಕೂರಿಸಿಕೊಂಡು ಮಗುವಿಗೆ ಏನಾಗಿದೆ ಅಂತ ಹೇಳಿದ್ದರು ಅಂತ ಯಾರೂ ಕೇಳಲಿಲ್ಲ.

ತಡ ಮಾಡಲೇಬಾರದ ಸಂದರ್ಭಗಳೂ ಇವೆ. ಚೆನ್ನಾಗಿದ್ದ ಮಗುವಿನ ಕಾಲು ಒಂದೆರಡು ದಿನದಲ್ಲಿ ಸೋತರೆ ಅವತ್ತೇ ದೊಡ್ಡಾಸ್ಪತ್ರೆಗೆ. ಸೋಲು ಕಾಲಿನಿಂದ ಮೇಲಕ್ಕೆ ಏರಿ ಉಸಿರಾಟಕ್ಕೂ ಬರಬಹುದು. 15 ವರ್ಷದೊಳಗಿನವರಲ್ಲಿ ಹೀಗಾದರೆ ಪೋಲಿಯೋ ನಿಗಾ ವ್ಯವಸ್ಥೆಗೆ ಇವತ್ತಿಗೂ ವರದಿ ಮಾಡಬೇಕು, ಆಶಾ ಅಕ್ಕಂದಿರಿಗೆ ಇದು ಗೊತ್ತಿದೆ. ನಡೆಯುತ್ತಿದ್ದದ್ದು ಕಡಿಮೆಯಾಗುತ್ತಾ ಬಂದರೆ, ನಡಿಗೆ ಕೆಡುವುದರ ಜೊತೆ ಉಚ್ಚೆಯ ಹಿಡಿತ ತಪ್ಪಿದರೆ, ಬೆಳಿಗ್ಗೆ ತಲೆನೋವು ವಾಂತಿ ಬಂದು ತೂರಾಡಿದರೆ, ಇವೆಲ್ಲ "ಮುಂದಿನ ವಾರ ನೋಡೋಣ" ಅನ್ನುವಂಥದ್ದಲ್ಲ. ಉಳಿದ ಮಕ್ಕಳನ್ನು ಶಾಲೆ, ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ, ಅಂದರೆ ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆಯ ತಂಡಕ್ಕೆ ತೋರಿಸಿ.

ಅಳೆದು ಏನು ಮಾಡುವುದು ಅಂತ ಕೇಳುತ್ತೀರಿ. ಒಂದು ಉಪಯೋಗ, ಮುಂದೇನು ಅಂತ ಪ್ರಾಮಾಣಿಕವಾಗಿ ಹೇಳುವುದು. "ನನ್ನ ಮಗ ಓಡ್ತಾನಾ?" ಅನ್ನುವ ಪ್ರಶ್ನೆಗೆ ಮೊದಲು ಊಹೆಯ ಉತ್ತರವೇ ಗತಿ. ಕೆನಡಾದ ಒಂಟಾರಿಯೊದಲ್ಲಿ ಸೆರೆಬ್ರಲ್ ಪಾಲ್ಸಿ ಇರುವ 657 ಮಕ್ಕಳನ್ನು ವರ್ಷಗಟ್ಟಲೆ ಅಳೆದು 2002ರಲ್ಲಿ ಜಿಎಂಎಫ್‌ಸಿಎಸ್‌ನ ಒಂದೊಂದು ಮಟ್ಟಕ್ಕೂ ಬೆಳವಣಿಗೆಯ ಗೆರೆ ಹಾಕಿದರು. ಒಂದನೇ ಮಟ್ಟದ ಮಕ್ಕಳು ತಮ್ಮ ಚಲನೆಯ ಸಾಮರ್ಥ್ಯದ ಹೆಚ್ಚುಪಾಲನ್ನು ಐದು ವರ್ಷದ ಹೊತ್ತಿಗೆ ಮುಟ್ಟುತ್ತಾರೆ, ಐದನೇ ಮಟ್ಟದವರು ಮೂರು ತುಂಬುವ ಮೊದಲೇ. ಕೇಳಲು ಕಷ್ಟ, ಆದರೆ ಮೂರು ವರ್ಷದ ಮಗುವನ್ನು "ಇನ್ನೊಂದು ವರ್ಷ ಕಾಯೋಣ" ಅನ್ನುವ ಮನೆಯವರಿಗೆ ನಾನು ಆ ಗೆರೆಯನ್ನು ತೋರಿಸುತ್ತೇನೆ.

ಹಾಗಂತ ಐದು ವರ್ಷಕ್ಕೆ ಬಾಗಿಲು ಮುಚ್ಚುವುದಿಲ್ಲ. ನೆದರ್‌ಲೆಂಡ್ಸ್‌ನಲ್ಲೇ ಒಂದು ಮತ್ತು ಎರಡನೇ ಮಟ್ಟದ ಶಾಲಾ ಮಕ್ಕಳಿಗೆ ವಾರಕ್ಕೆ ಎರಡು ದಿನ, ಎಂಟು ತಿಂಗಳು ಓಟ, ತಿರುಗಾಟ, ಮೆಟ್ಟಿಲಿನ ತರಬೇತಿ ಕೊಟ್ಟರು. ದಮ್ಮು ಹೆಚ್ಚಿತು, ಚುರುಕುತನವೂ ಹೆಚ್ಚಿತು. ಬಿಟ್ಟು ನಾಲ್ಕು ತಿಂಗಳಿಗೆ ಗಳಿಸಿದ್ದರಲ್ಲಿ ಒಂದಷ್ಟು ಕಳೆದುಹೋಯಿತು. ಬೇಸಿಗೆ ರಜೆಯಲ್ಲಿ ಏನಾಗುತ್ತದೆ ಅಂತ ನೀವೇ ಊಹಿಸಿ. ನಮ್ಮ ಕುಂಟೆಬಿಲ್ಲೆ ಇದೆಯಲ್ಲ, ಅದರಲ್ಲಿ ಕುಪ್ಪಳಿಸುವುದು, ಒಂಟಿ ಕಾಲಲ್ಲಿ ಬಗ್ಗುವುದು, ತಿರುಗುವುದು ಎಲ್ಲ ಇದೆ. ಕುಪ್ಪಳಿಸಲು ಬಾರದ ಮಗುವಿಗೆ ಎರಡೂ ಕಾಲು ಊರಲು ಬಿಡಿ, ತಿರುಗುವುದನ್ನು ಮಾತ್ರ ಬಿಡಬೇಡಿ.

ವಿಡಿಯೋ ಅಂದೆನಲ್ಲ, ಅದನ್ನು ಹೇಗೆ ಮಾಡಬೇಕು ಅಂತ ಹೇಳಿಬಿಡುತ್ತೇನೆ. ದೊಡ್ಡ ಊರುಗಳಲ್ಲಿ ಮೈಗೆ ಹೊಳೆಯುವ ಗುಂಡಿ ಅಂಟಿಸಿ, ಸುತ್ತ ಕ್ಯಾಮೆರಾ ಇಟ್ಟು ನಡಿಗೆ ಅಳೆಯುವ ಕೋಣೆಗಳಿವೆ. ಆಪರೇಷನ್ ತೀರ್ಮಾನಕ್ಕೆ ಅದು ಬೇಕಾಗುತ್ತದೆ. ಉಳಿದ ಹೊತ್ತಿಗೆ ಮೊಬೈಲ್ ಸಾಕು. ಎಡಿನ್‌ಬರ್ಗ್‌ನವರ ಅಂಕಪಟ್ಟಿ ಇದೆ, ಒಂದೊಂದು ಕಾಲಿಗೆ 17 ಅಂಶ, ವಿಡಿಯೋ ನೋಡಿಯೇ ಅಂಕ ಹಾಕುವುದು. ಮಗುವಿಗೆ ಚಡ್ಡಿ ಹಾಕಿಸಿ, ಮಂಡಿ ಕಾಣಬೇಕು. ಮೊಬೈಲನ್ನು ಮಗುವಿನ ಸೊಂಟದ ಎತ್ತರಕ್ಕೆ ಅಡ್ಡ ಹಿಡಿಯಿರಿ. ನಿಂತುಕೊಂಡು ಮೇಲಿನಿಂದ ತೆಗೆದರೆ ತಲೆ ಮಾತ್ರ ಚೆನ್ನಾಗಿ ಬರುತ್ತದೆ. ಎಡದಿಂದ ಒಮ್ಮೆ, ಬಲದಿಂದ ಒಮ್ಮೆ, ಮುಂದಿನಿಂದ, ಹಿಂದಿನಿಂದ. ಸ್ಲೋ ಮೋಷನ್ ಇದ್ದರೆ ಇನ್ನೂ ಒಳ್ಳೆಯದು. ಮುಖ್ಯವಾಗಿ, ಮಗು ತಿರುಗುವಾಗ ರೆಕಾರ್ಡಿಂಗ್ ನಿಲ್ಲಿಸಬೇಡಿ. ನನಗೆ ಬರುವ ಹೆಚ್ಚಿನ ವಿಡಿಯೋಗಳು ಸರಿಯಾಗಿ ಅಲ್ಲಿಗೇ ಮುಗಿಯುತ್ತವೆ.

ಕಾಲಿಗೆ ಆಸರೆಯ ಸ್ಪ್ಲಿಂಟ್ ಹಾಕುವ ಮಗುವಾದರೆ ಹಾಕಿ ಒಮ್ಮೆ, ಬಿಚ್ಚಿ ಒಮ್ಮೆ ತೆಗೆಯಿರಿ. ಬರುವಾಗ ಹಳೆ ಚಪ್ಪಲಿ ತನ್ನಿ. ಆಸ್ಪತ್ರೆಗೆ ಹೋಗುವುದು ಅಂತ ಹೊಸದು ಹಾಕಿಸಿಕೊಂಡು ಬರುತ್ತೀರಿ, ಅದರಲ್ಲಿ ನನಗೆ ಓದಲು ಏನೂ ಇರುವುದಿಲ್ಲ. ತುದಿಗಾಲಲ್ಲಿ ನಡೆಯುವ ಮಗುವಿನ ಚಪ್ಪಲಿಯಲ್ಲಿ ಹಿಮ್ಮಡಿ ಹೊಸದಾಗಿಯೇ ಇರುತ್ತದೆ, ಬೆರಳಿನ ಕಡೆ ತೂತು ಬೀಳುವ ಹಾಗೆ ಸವೆದಿರುತ್ತದೆ. ಒಂದು ಕಾಲಿನದು ಮಾತ್ರ ಸವೆದಿದ್ದರೆ ಯಾವ ಕಾಲು ಎಳೆಯುತ್ತದೆ ಅಂತ ಮಗು ಒಳಗೆ ಬರುವ ಮೊದಲೇ ಗೊತ್ತಾಗುತ್ತದೆ. ಮೂರು ತಿಂಗಳು ಹಾಕಿದ್ದಾದರೆ ಸಾಕು. ತೊಳೆಯುವುದೇನೂ ಬೇಡ.